ಮುಪ್ಪಿನ ದಾಂಪತ್ಯಕ್ಕೆ ವೈದ್ಯರ ಚೀಟಿ ಬೇಕೆ?

ಅರುವತ್ತು ದಾಟಿದ ಗಂಡಸರು ತಮ್ಮ ಕಾಯಿಲೆಗಳ ಬಗ್ಗೆ ಮಾತನಾಡಲು ಹಿಂಜರಿಯುವವರಲ್ಲ. ಸಕ್ಕರೆ ಎಷ್ಟಿದೆ, ರಕ್ತದೊತ್ತಡಕ್ಕೆ ಯಾವ ಮಾತ್ರೆ, ಮಂಡಿನೋವಿಗೆ ಯಾವ ಎಣ್ಣೆ ಎಂಬುದೆಲ್ಲ ಮಸೀದಿಯ ಅಂಗಳದಲ್ಲಿ, ಮದುವೆಯ ಚಪ್ಪರದಲ್ಲಿ ಧಾರಾಳವಾಗಿ ಚರ್ಚೆಯಾಗುತ್ತದೆ. ಆದರೆ ಎರಡು ವಿಷಯಗಳು ಬಂದಾಗ ಮಾತ್ರ ಎಲ್ಲರೂ ಮೌನಿಗಳಾಗುತ್ತಾರೆ. ಒಂದು, ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳಬೇಕಾದ ಸಂಕಟ. ಇನ್ನೊಂದು, ಈ ವಯಸ್ಸಿನಲ್ಲಿ ತನ್ನ ಮತ್ತು ತನ್ನ ಮಡದಿಯ ನಡುವಿನ ಸಂಬಂಧ. ದೇಹದೊಳಗಿನ ಒಂದೇ ಪುಟ್ಟ ಗ್ರಂಥಿ ಈ ಎರಡೂ ವಿಷಯಗಳನ್ನು ಬೆಸೆದಿದೆ. ಅದರ ಹೆಸರು ಪ್ರಾಸ್ಟೇಟ್.

ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಲೈಂಗಿಕವಾಗಿ ಕ್ರಿಯಾಶೀಲರಾಗಿರುವ ಪುರುಷರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದು ಕಡಿಮೆ ಎಂಬುದು ಆ ಸುದ್ದಿ. ಇದನ್ನು ಓದಿ ಕೆಲವರು ನಗುತ್ತಾರೆ, ಕೆಲವರು ನಾಚುತ್ತಾರೆ, ಕೆಲವರಿಗೆ ಒಳಗೊಳಗೇ ಸಮಾಧಾನವಾಗುತ್ತದೆ. ಮುಪ್ಪಿನಲ್ಲಿ ಇರಬಾರದೆಂದು ತಾವು ನಂಬಿದ್ದ ಆಸೆಗೆ ವಿಜ್ಞಾನವೇ ಪರವಾನಿಗೆ ಕೊಟ್ಟಿತಲ್ಲ ಎಂಬ ಸಮಾಧಾನ. ಇಲ್ಲಿ ಏಳುವ ಪ್ರಶ್ನೆಗಳು ಎರಡು. ಆ ಮಾತು ನಿಜವೇ? ನಿಜವಿದ್ದರೂ, ವಯಸ್ಸಾದ ದಂಪತಿಯ ಆತ್ಮೀಯತೆಗೆ ಅಂಥದೊಂದು ಪರವಾನಿಗೆ ಬೇಕೆ? ಮೊದಲನೆಯದು ವೈದ್ಯಶಾಸ್ತ್ರದ ಪ್ರಶ್ನೆ. ಎರಡನೆಯದು ನೀತಿಯ ಪ್ರಶ್ನೆ. ಎರಡನ್ನೂ ಕಲಸಿಬಿಟ್ಟಿರುವುದೇ ನಮ್ಮ ತೊಡಕು.

ಪ್ರಾಸ್ಟೇಟ್ ಗ್ರಂಥಿ ಯೌವನದಲ್ಲಿ ಒಂದು ಅಕ್ರೋಟಿನಷ್ಟು ದೊಡ್ಡದು, ತೂಕ ಸುಮಾರು 20 ಗ್ರಾಂ. ಅದು ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದು ಕುಳಿತಿರುತ್ತದೆ. ವೀರ್ಯದಲ್ಲಿರುವ ದ್ರವದ ಒಂದು ಭಾಗವನ್ನು ತಯಾರಿಸುವುದು ಅದರ ಕೆಲಸ. ವಯಸ್ಸಾದಂತೆ ಅದು ಬೆಳೆಯುತ್ತದೆ. ಐವತ್ತರ ಹರೆಯದ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಎಂಬತ್ತು ದಾಟಿದವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಈ ಬೆಳವಣಿಗೆ ಕಾಣುತ್ತದೆ. ಉಂಗುರ ಬಿಗಿಯಾದಾಗ ಮೂತ್ರದ ಧಾರೆ ಸಣ್ಣದಾಗುತ್ತದೆ, ಪೂರ್ತಿ ಖಾಲಿಯಾದ ಭಾವನೆ ಬರುವುದಿಲ್ಲ, ಎದ್ದ ಮೇಲೂ ಹನಿ ಜಿನುಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಬೇರೆಯೇ ರೋಗ. ನಮ್ಮಲ್ಲಿ ಹಲವರು ಇವೆರಡನ್ನೂ ಒಂದೆಂದು ತಿಳಿದು, ಭಯದಿಂದಲೇ ವೈದ್ಯರ ಬಳಿ ಹೋಗುವುದಿಲ್ಲ.

ಇನ್ನು ಆ ಸುದ್ದಿಯ ಮೂಲಕ್ಕೆ ಬರೋಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1986ರಿಂದ ದಂತವೈದ್ಯರು, ಔಷಧ ತಜ್ಞರು, ಪಶುವೈದ್ಯರು ಮುಂತಾದ ಐವತ್ತು ಸಾವಿರಕ್ಕೂ ಹೆಚ್ಚು ಪುರುಷರ ಆರೋಗ್ಯವನ್ನು ಗಮನಿಸುತ್ತಾ ಬಂದರು. 1992ರಲ್ಲಿ ಅವರಿಗೆ ವೀರ್ಯಸ್ಖಲನದ ಬಗ್ಗೆಯೂ ಪ್ರಶ್ನೆ ಕೇಳಲಾಯಿತು. 2004ರಲ್ಲಿ ಮೊದಲ ಫಲಿತಾಂಶ ಬಂತು. 2016ರಲ್ಲಿ 31,925 ಪುರುಷರ ಸುಮಾರು 18 ವರ್ಷಗಳ ಮಾಹಿತಿಯೊಂದಿಗೆ ಇನ್ನೊಂದು ವರದಿ ಬಂತು. ತಿಂಗಳಿಗೆ 4ರಿಂದ 7 ಬಾರಿ ಎಂದವರಿಗೆ ಹೋಲಿಸಿದರೆ 21 ಬಾರಿ ಅಥವಾ ಅದಕ್ಕಿಂತ ಹೆಚ್ಚು ಎಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಐದನೇ ಒಂದರಷ್ಟು ಕಡಿಮೆ ಕಂಡುಬಂದಿತ್ತು.

ಸುದ್ದಿ ಇಲ್ಲಿಗೆ ಮುಗಿಯುತ್ತದೆ. ಆದರೆ ವರದಿ ಮುಗಿಯುವುದಿಲ್ಲ. ಈ ಅಂಕಿಗಳು ಇಪ್ಪತ್ತರ ಮತ್ತು ನಲವತ್ತರ ಹರೆಯದ ಜೀವನಕ್ಕೆ ಸಂಬಂಧಿಸಿದವು. ಎಪ್ಪತ್ತರ ಅಜ್ಜ ಇವತ್ತು ಏನು ಮಾಡಬೇಕೆಂದು ಅವು ಹೇಳುವುದಿಲ್ಲ. ಕಡಿಮೆಯಾಗಿ ಕಂಡದ್ದು ಮುಖ್ಯವಾಗಿ ಹೆಚ್ಚು ಅಪಾಯವಿಲ್ಲದ ಬಗೆಯ ಕ್ಯಾನ್ಸರ್. ಜೊತೆಗೆ, ಎರಡು ಸಂಗತಿಗಳು ಒಟ್ಟಿಗೆ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಆರೋಗ್ಯವಂತನಿಗೆ ಆಸೆಯೂ ಹೆಚ್ಚು, ರೋಗವೂ ಕಡಿಮೆ ಎಂದಿರಬಹುದು. ಬ್ರಿಟನ್ನಿನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಳೆಯ ವಯಸ್ಸಿನ ಅತಿಯಾದ ಹಸ್ತಮೈಥುನಕ್ಕೂ ಕ್ಯಾನ್ಸರಿನ ಹೆಚ್ಚಳಕ್ಕೂ ಸಂಬಂಧ ಕಂಡಿತ್ತು. ಅಂದರೆ ಫಲಿತಾಂಶ ತಿರುಗುಮುರುಗಾಗಿತ್ತು.

ವಯೋಸಹಜವಾಗಿ ಊದಿಕೊಳ್ಳುವ ಪ್ರಾಸ್ಟೇಟಿನ ವಿಚಾರದಲ್ಲಂತೂ ಉತ್ತರ ಇನ್ನೂ ನೇರವಾಗಿದೆ. ಅಮೆರಿಕದ ಮಿನ್ನೆಸೋಟದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ 40ರಿಂದ 79 ವರ್ಷದ ಎರಡು ಸಾವಿರಕ್ಕೂ ಹೆಚ್ಚು ಪುರುಷರನ್ನು ಪರೀಕ್ಷಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮೊದಲ ನೋಟಕ್ಕೆ ಲೈಂಗಿಕ ಜೀವನ ಚುರುಕಾಗಿರುವವರಿಗೆ ಮೂತ್ರದ ತೊಂದರೆ ಕಡಿಮೆ ಎಂದೇ ಕಂಡಿತು. ಆದರೆ ವಯಸ್ಸನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಆ ವ್ಯತ್ಯಾಸ ಮಾಯವಾಯಿತು. ಪ್ರಾಯ ಕಡಿಮೆ ಇದ್ದವರಿಗೆ ಎರಡೂ ಚೆನ್ನಾಗಿತ್ತು, ಅಷ್ಟೇ. ದಾಂಪತ್ಯ ಸುಖದಿಂದ ಪ್ರಾಸ್ಟೇಟ್ ಕುಗ್ಗುವುದಿಲ್ಲ, ಬ್ರಹ್ಮಚರ್ಯದಿಂದ ಅದು ಊದುವುದೂ ಇಲ್ಲ. ಲಾಸ್ ಏಂಜಲೀಸಿನ ಕ್ಯಾಥೊಲಿಕ್ ಪಾದ್ರಿಗಳ ಬಗ್ಗೆ 1981ರಲ್ಲಿ ಬಂದ ಅಧ್ಯಯನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಇತರ ಪುರುಷರಿಗಿಂತ ಬೇರೆಯಾಗಿರಲಿಲ್ಲ. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿರುವ ಹಿರಿಯರು ಈ ಸುದ್ದಿಗಳನ್ನು ಓದಿ ಹೆದರಬೇಕಾದ ಅಗತ್ಯವಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೆ ತದ್ವಿರುದ್ಧವಾದ ನಂಬಿಕೆಯೊಂದು ಬಹುಕಾಲದಿಂದ ಬೇರೂರಿದೆ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಅದನ್ನು ಕಳೆದುಕೊಂಡವನು ಸೊರಗುತ್ತಾನೆ ಎಂಬ ನಂಬಿಕೆ. ಇದರಿಂದ ಕುಗ್ಗಿ ಹೋದ ಯುವಕರನ್ನು ಕಂಡ ಮನೋವೈದ್ಯ ಡಾ. ಎನ್.ಎನ್. ವಿಗ್ ಅವರು 1960ರಲ್ಲಿ ಆ ಸ್ಥಿತಿಗೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ನಿನ್ನೆಯ ನಂಬಿಕೆ ಖರ್ಚು ಮಾಡಬೇಡ ಎಂದಿತು, ಇಂದಿನ ಸುದ್ದಿ ಖರ್ಚು ಮಾಡು ಎನ್ನುತ್ತಿದೆ. ಎರಡೂ ಮನುಷ್ಯನ ದೇಹವನ್ನು ಅಂಗಡಿಯ ಲೆಕ್ಕದ ಪುಸ್ತಕದಂತೆ ನೋಡುತ್ತವೆ. ಈ ಎರಡು ಲೆಕ್ಕಗಳಲ್ಲೂ ಹೆಂಡತಿ ಎಂಬವಳು ಎಲ್ಲೂ ಕಾಣಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಒಳ್ಳೆಯದಕ್ಕೆಲ್ಲ ಲಾಭದ ಸಮರ್ಥನೆ ಹುಡುಕುವುದು ನಮ್ಮ ಕಾಲದ ಚಾಳಿ. ನಮ್ಮ ಸಮುದಾಯದೊಳಗೂ ಇದು ಹೊಸತಲ್ಲ. ನಮಾಝ್ ಒಳ್ಳೆಯ ವ್ಯಾಯಾಮ, ಉಪವಾಸ ಜಠರಕ್ಕೆ ವಿಶ್ರಾಂತಿ ಎಂದೆಲ್ಲ ವೇದಿಕೆಗಳಲ್ಲಿ ಕೇಳುತ್ತೇವೆ. ಅದರಲ್ಲಿ ಸತ್ಯಾಂಶ ಇರಬಹುದು. ಆದರೆ ವ್ಯಾಯಾಮಕ್ಕಾಗಿಯೇ ನಮಾಝ್ ಆಗಿದ್ದರೆ, ಅದಕ್ಕಿಂತ ಉತ್ತಮ ವ್ಯಾಯಾಮ ಸಿಕ್ಕಿದ ದಿನ ನಮಾಝ್ ಬಿಡಬಹುದೆಂದಾಗುತ್ತದೆ. ಲಾಭದ ಮೇಲೆ ನಿಲ್ಲಿಸಿದ ಮೌಲ್ಯ ಲಾಭ ಹೋದಾಗ ಬೀಳುತ್ತದೆ. ದಾಂಪತ್ಯದ ವಿಷಯದಲ್ಲೂ ಹಾಗೆಯೇ. ಪ್ರಾಸ್ಟೇಟಿಗೆ ಒಳ್ಳೆಯದೆಂಬ ಕಾರಣಕ್ಕೆ ಮುಪ್ಪಿನ ಪ್ರೀತಿಯನ್ನು ಒಪ್ಪಿಕೊಂಡವನು, ನಾಳೆ ಇನ್ನೊಂದು ಅಧ್ಯಯನ ಬಂದು ಅದೆಲ್ಲ ಸುಳ್ಳು ಎಂದರೆ ಏನು ಮಾಡಬೇಕು?

ಈ ಸಂದರ್ಭದಲ್ಲಿ ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿರುವ ಒಂದು ಪ್ರಸಂಗ ನೆನಪಿಗೆ ಬರುತ್ತದೆ. ದಾನ ಮಾಡಲು ಏನೂ ಇಲ್ಲವೆಂದು ಕೊರಗಿದ ಬಡ ಅನುಯಾಯಿಗಳಿಗೆ ಪ್ರವಾದಿವರ್ಯರು(ಸ) ಹಲವು ಬಗೆಯ ದಾನಗಳನ್ನು ತಿಳಿಸುತ್ತಾ, ಪತ್ನಿಯೊಂದಿಗಿನ ಮಿಲನವನ್ನೂ ಆ ಪಟ್ಟಿಯಲ್ಲಿ ಸೇರಿಸಿದರು. ಕೇಳಿದವರಿಗೆ ಅಚ್ಚರಿಯಾಯಿತು. ಆಸೆ ತೀರಿಸಿಕೊಳ್ಳುವುದಕ್ಕೂ ಪುಣ್ಯವೇ ಎಂದು ವಿಚಾರಿಸಿದರು. ಅದನ್ನೇ ನಿಷಿದ್ಧ ದಾರಿಯಲ್ಲಿ ಮಾಡಿದರೆ ಪಾಪವಾಗುವಾಗ, ಧರ್ಮಸಮ್ಮತ ದಾರಿಯಲ್ಲಿ ಪುಣ್ಯವೇಕೆ ಆಗಬಾರದು ಎಂಬ ಅರ್ಥದ ಉತ್ತರ ಬಂತು. ಆ ಉತ್ತರದಲ್ಲಿ ಆರೋಗ್ಯದ ಪ್ರಸ್ತಾಪವಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಅಲ್ಲಿರುವುದು ಸಂಬಂಧದ ಪಾವಿತ್ರ್ಯ ಮಾತ್ರ.

ಆರೋಗ್ಯವನ್ನೇ ಆಧಾರ ಮಾಡಿಕೊಂಡರೆ ಇನ್ನೊಂದು ಅಪಾಯವೂ ಇದೆ. ಆಗ ಹೆಂಡತಿ ಸಂಗಾತಿಯಾಗಿ ಉಳಿಯುವುದಿಲ್ಲ, ಔಷಧಿಯಾಗುತ್ತಾಳೆ. ಮೂರ್ನಾಲ್ಕು ಹೆರಿಗೆ ಕಂಡು, ಮುಟ್ಟು ನಿಂತು, ಸೊಂಟನೋವಿನಿಂದ ಬಳಲಿದ ಅರುವತ್ತರ ಹೆಣ್ಣಿಗೆ ತನ್ನದೇ ದೇಹದ ಕಷ್ಟಗಳಿವೆ. ಮುಟ್ಟು ನಿಂತ ಮೇಲೆ ಉಂಟಾಗುವ ಶುಷ್ಕತೆಯಿಂದ ಮಿಲನ ನೋವಿನದಾಗಬಹುದು. ಅದಕ್ಕೆ ಚಿಕಿತ್ಸೆ ಇದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಅಂಥವಳ ಮುಂದೆ ಪತ್ರಿಕೆಯ ತುಣುಕು ಹಿಡಿದು, ಇದು ನನ್ನ ಆರೋಗ್ಯಕ್ಕೆ ಬೇಕು ಎಂದು ಹಟ ಹಿಡಿಯುವುದು ಯಾವ ನ್ಯಾಯ? ಅವಳಿಂದಾಗದು ಎಂಬ ನೆಪ ಮುಂದಿಟ್ಟು ಇಳಿವಯಸ್ಸಿನಲ್ಲಿ ಬಡಮನೆಯ ಎಳೆಯ ಹುಡುಗಿಯನ್ನು ಎರಡನೇ ಮದುವೆಯಾಗುವವರಿಗೆ ಈ ಆರೋಗ್ಯದ ವಾದ ಸಿಕ್ಕಿದರಂತೂ ಮುಗಿದೇ ಹೋಯಿತು.

ಬುಖಾರಿ ಸಂಗ್ರಹದಲ್ಲಿರುವ ಸಲ್ಮಾನ್(ರ) ಮತ್ತು ಅಬೂದರ್ದಾ(ರ) ಅವರ ಪ್ರಸಂಗ ಈ ನ್ಯಾಯದ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಅಬೂದರ್ದಾ ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಮಗ್ನರಾಗಿದ್ದರು. ಅವರ ಮಡದಿ ಅಲಂಕಾರ ಬಿಟ್ಟು ಮಾಸಿದ ಉಡುಪಿನಲ್ಲಿದ್ದುದನ್ನು ಸಲ್ಮಾನ್ ಕಂಡರು, ಕಾರಣ ಕೇಳಿ ತಿಳಿದರು. ಬಳಿಕ, ದೇವನಿಗೆ ಹಕ್ಕಿರುವಂತೆ ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ಗೆಳೆಯನಿಗೆ ಬುದ್ಧಿ ಹೇಳಿದರು. ಪ್ರವಾದಿವರ್ಯರು(ಸ) ಅದನ್ನು ಸರಿಯೆಂದರು. ಇಲ್ಲಿ ಸಲ್ಮಾನ್ ಮೊದಲು ಗಮನಿಸಿದ್ದು ಹೆಣ್ಣಿನ ಮುಖವನ್ನು. ಆತ್ಮೀಯತೆ ಹಕ್ಕಾಗಿದ್ದರೆ ಅದು ಇಬ್ಬರದೂ ಹಕ್ಕು. ಬೇಡವೆನ್ನುವ ಸ್ವಾತಂತ್ರ್ಯವೂ ಆ ಗೌರವದ ಭಾಗವೇ.

ಕೆಲವರು ಕೇಳಬಹುದು: ಮುಪ್ಪು ಎಂದರೆ ಲೌಕಿಕದಿಂದ ಬಿಡಿಸಿಕೊಳ್ಳಬೇಕಾದ ಕಾಲವಲ್ಲವೇ? ತಸ್ಬೀಹ್ ಹಿಡಿಯಬೇಕಾದ ಕೈಗೆ ಇನ್ನೂ ಇದೆಲ್ಲ ಏಕೆ? ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ವಯಸ್ಸಿನೊಂದಿಗೆ ಆಸೆ ಇಳಿಯುವುದು ಸಹಜ, ಇಳಿದವರು ಅದಕ್ಕಾಗಿ ಮಾತ್ರೆಗಳ ಹಿಂದೆ ಓಡಬೇಕಾಗಿಲ್ಲ. ಎಪ್ಪತ್ತರಲ್ಲೂ ಇಪ್ಪತ್ತರ ಶಕ್ತಿ ಎಂದು ಮಾರುವ ಜಾಹೀರಾತು ಮುಪ್ಪಿಗೆ ಮಾಡುವ ಅವಮಾನವೇ ಸರಿ. ಆದರೆ ಆಸೆಯ ಹಿಂದೆ ಓಡುವುದು ಬೇರೆ, ಉಳಿದಿರುವ ಪ್ರೀತಿಯನ್ನು ಹೊಸಕಿ ಹಾಕುವುದು ಬೇರೆ. ಕುರ್‌ಆನ್ ಪತಿ ಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಿದೆ. ಉಡುಪು ಹಳೆಯದಾದಷ್ಟೂ ಮೈಗೆ ಹೊಂದಿಕೊಳ್ಳುತ್ತದೆ, ಚಳಿಯ ಕಾಲದಲ್ಲೇ ಅದರ ಅಗತ್ಯ ಹೆಚ್ಚು.

ಮುದುಕನ ಆಸೆ ಎಂದರೆ ಕನ್ನಡಿಗರ ಮನಸ್ಸಿಗೆ ಥಟ್ಟನೆ ಬರುವವನು ಯಯಾತಿ. ಮಗನಿಂದ ಯೌವನವನ್ನು ಎರವಲು ಪಡೆದ ಆ ರಾಜನ ಕಥೆಯನ್ನು ಗಿರೀಶ ಕಾರ್ನಾಡರು 1961ರಲ್ಲಿ ನಾಟಕವಾಗಿಸಿದರು. ಮಕ್ಕಳ ಬಾಳನ್ನು ತಿಂದು ತನ್ನ ಸುಖ ನೋಡುವ ಹಿರಿಯನ ಬಗ್ಗೆ ಅದೊಂದು ಒಳ್ಳೆಯ ಎಚ್ಚರಿಕೆ. ಆದರೆ ಎಲ್ಲ ಮುದುಕರೂ ಯಯಾತಿಗಳಲ್ಲ. ಕುರ್‌ಆನಿನಲ್ಲಿ ಬರುವ ವೃದ್ಧ ದಂಪತಿಗಳ ಚಿತ್ರ ಬೇರೆ. ಪ್ರವಾದಿ ಇಬ್ರಾಹೀಮ್(ಅ) ಮತ್ತು ಅವರ ಪತ್ನಿಗೆ ಇಳಿವಯಸ್ಸಿನಲ್ಲಿ ಮಗುವಿನ ಸುವಾರ್ತೆ ಬರುತ್ತದೆ, ಆ ವೃದ್ಧೆ ಬೆರಗಾಗಿ ನಗುತ್ತಾರೆ. ಎಲುಬು ಸವೆದು ತಲೆ ನರೆತ ಝಕರಿಯ್ಯಾ(ಅ) ಗುಟ್ಟಾಗಿ ಪ್ರಾರ್ಥಿಸುತ್ತಾರೆ, ಅವರಿಗೂ ಮಗು ಸಿಗುತ್ತದೆ. ಇವು ಸಂತಾನದ ಕಥೆಗಳು, ನಿಜ. ಆದರೂ ಮುಪ್ಪಿನ ದಾಂಪತ್ಯವನ್ನು ಅಲ್ಲಿ ಯಾರೂ ಗೇಲಿ ಮಾಡುವುದಿಲ್ಲ. ಅದು ಅನುಗ್ರಹ ಇಳಿಯುವ ಜಾಗವಾಗಿದೆ.

ನಮ್ಮ ಮನೆಗಳಲ್ಲಿ ಆಗುತ್ತಿರುವುದೇನು? ಮಗನ ಮದುವೆಯಾದ ಕೂಡಲೇ ಕೋಣೆ ಮಗ ಸೊಸೆಗೆ ಹೋಗುತ್ತದೆ. ತಂದೆಯ ಮಂಚ ಚಾವಡಿಗೆ ಬರುತ್ತದೆ, ತಾಯಿ ಮೊಮ್ಮಕ್ಕಳ ಜೊತೆ ಒಳಗೆ ಚಾಪೆ ಹಾಸುತ್ತಾಳೆ. ಮಗಳ ಬಾಣಂತನಕ್ಕೆಂದು ತಾಯಿ ಬೆಂಗಳೂರಿಗೋ ದುಬೈಗೋ ಹೋದರೆ ತಿಂಗಳುಗಟ್ಟಲೆ ಅಲ್ಲೇ. 2003ರಲ್ಲಿ ಬಂದ ಬಾಗ್‌ಬಾನ್ ಎಂಬ ಹಿಂದಿ ಚಿತ್ರದಲ್ಲಿ ಮಕ್ಕಳು ತಂದೆ ತಾಯಿಯನ್ನು ಹಂಚಿಕೊಂಡದ್ದನ್ನು ಕಂಡು ಜನ ಕಣ್ಣೀರಿಟ್ಟರು. ಅದೇ ಜನ ಮನೆಗೆ ಬಂದು ಅದನ್ನೇ ಮಾಡುತ್ತಿದ್ದಾರೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ. ಆ ಇಬ್ಬರಿಗೂ ಒಂದು ಬಾಗಿಲು, ಅದಕ್ಕೊಂದು ಚಿಲಕ ಬೇಕಾಗಬಹುದು ಎಂದು ಯಾರ ತಲೆಗೂ ಹೊಳೆಯುವುದಿಲ್ಲ, ಅಷ್ಟೆ. ವಿಧುರನಾದ ತಂದೆ ತನ್ನ ಪ್ರಾಯಕ್ಕೆ ಹೊಂದುವ ವಿಧವೆಯೊಬ್ಬಳನ್ನು ಮದುವೆಯಾಗುತ್ತೇನೆಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಆಸ್ತಿ, ಆಮೇಲೆ ಊರವರ ನಗು. ವಿಧವೆಯಾದ ತಾಯಿ ಹಾಗೆ ಹೇಳುವ ಧೈರ್ಯವನ್ನೇ ಮಾಡುವುದಿಲ್ಲ.

ಈ ಎಲ್ಲದಕ್ಕೂ ನಾವು ಕೊಡುವ ಹೆಸರು ಹಯಾ, ಲಜ್ಜೆ. ಲಜ್ಜೆ ವಿಶ್ವಾಸದ ಭಾಗವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಲಜ್ಜೆ ಹೇಗಿತ್ತು ಎಂದು ನೋಡಬೇಕು. ಅಲೀ(ರ) ಅವರಿಗೆ ಆಸೆಯಿಂದ ಒಸರುವ ದ್ರವದ ಬಗ್ಗೆ ಧರ್ಮವಿಧಿ ತಿಳಿಯಬೇಕಿತ್ತು. ಅಳಿಯನಾಗಿ ಮಾವನಲ್ಲಿ ಅದನ್ನು ಕೇಳಲು ನಾಚಿಕೆಯಾಯಿತು. ಹಾಗೆಂದು ಅವರು ಸುಮ್ಮನಿರಲಿಲ್ಲ, ಮಿಕ್ದಾದ್(ರ) ಅವರ ಮೂಲಕ ಕೇಳಿಸಿ ಉತ್ತರ ಪಡೆದರು. ಉಮ್ಮು ಸುಲೈಮ್(ರ) ಎಂಬ ಮಹಿಳೆ, ಹೆಣ್ಣಿಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಪ್ರವಾದಿವರ್ಯರ(ಸ) ಎದುರಲ್ಲೇ ಕೇಳಿದರು. ಜ್ಞಾನ ಪಡೆಯಲು ನಾಚಿಕೆಯನ್ನು ಅಡ್ಡ ಬರಗೊಡದ ಅನ್ಸಾರಿ ಮಹಿಳೆಯರನ್ನು ಆಯಿಶಾ(ರ) ಮೆಚ್ಚಿಕೊಂಡರು. ಅಂದರೆ ಹಯಾ ಎಂದರೆ ಪ್ರಶ್ನೆಯನ್ನು ನುಂಗುವುದಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಮಾತಿನಲ್ಲಿ, ಬೇಕಿದ್ದರೆ ಇನ್ನೊಬ್ಬರ ಮೂಲಕವಾದರೂ ಅದನ್ನು ಕೇಳುವ ಸೂಕ್ಷ್ಮತೆ.

ಕೇಳದೆ ಉಳಿದುದರ ಬೆಲೆ ದೊಡ್ಡದು. ಪ್ರಾಸ್ಟೇಟ್ ಪರೀಕ್ಷೆಗಾಗಿ ಮಾಡುವ ಪಿಎಸ್ಎ ರಕ್ತಪರೀಕ್ಷೆಯ ಹಿಂದಿನ ಎರಡು ದಿನಗಳಲ್ಲಿ ವೀರ್ಯಸ್ಖಲನವಾಗಿದ್ದರೆ ಅಂಕಿ ತಾತ್ಕಾಲಿಕವಾಗಿ ಏರಬಹುದು. ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ, ಮನೆಮಂದಿಯೆಲ್ಲ ಕ್ಯಾನ್ಸರಿನ ಭಯದಲ್ಲಿ ದಿನ ದೂಡುತ್ತಾರೆ. ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆಗಳು ಆಸೆಯನ್ನು ತಗ್ಗಿಸುತ್ತವೆ, ಕೆಲವು ಸ್ಖಲನವನ್ನು ಕಡಿಮೆ ಮಾಡುತ್ತವೆ. ಮೂತ್ರನಾಳದ ಮೂಲಕ ಗ್ರಂಥಿಯನ್ನು ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆಯಾದ ಬಳಿಕ ಹೆಚ್ಚಿನವರಲ್ಲಿ ವೀರ್ಯ ಹೊರಬರದೆ ಹಿಂದಕ್ಕೆ ಮೂತ್ರಚೀಲಕ್ಕೆ ಸೇರುತ್ತದೆ. ಇದು ಅಪಾಯಕಾರಿಯಲ್ಲ. ಆದರೆ ಮೊದಲೇ ತಿಳಿಸದಿದ್ದರೆ ಆತ ತನ್ನ ಗಂಡಸುತನವೇ ಹೋಯಿತೆಂದು ಒಳಗೇ ಕುಸಿಯುತ್ತಾನೆ. ಈ ಪ್ರಾಯದಲ್ಲಿ ಇವರಿಗೆ ಅದೆಲ್ಲ ಏಕೆ ಎಂದು ವೈದ್ಯರು ತಾವೇ ತೀರ್ಮಾನಿಸಿಬಿಟ್ಟಿರುತ್ತಾರೆ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಅಮೆರಿಕದಲ್ಲಿ 57ರಿಂದ 85 ವರ್ಷದ 3,005 ಜನರನ್ನು ಸಮೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 65ರಿಂದ 74ರ ನಡುವಿನ ಅರ್ಧಕ್ಕಿಂತ ಹೆಚ್ಚು ಮಂದಿ, 75 ದಾಟಿದವರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಲೈಂಗಿಕ ಜೀವನ ನಡೆಸುತ್ತಿದ್ದರು. ಆದರೆ ಐವತ್ತರ ಬಳಿಕ ಈ ಬಗ್ಗೆ ವೈದ್ಯರೊಡನೆ ಒಮ್ಮೆಯಾದರೂ ಮಾತನಾಡಿದವರು ಪುರುಷರಲ್ಲಿ ಶೇ. 38, ಮಹಿಳೆಯರಲ್ಲಿ ಶೇ. 22 ಮಾತ್ರ. ಮುಕ್ತ ಸಮಾಜವೆನಿಸಿಕೊಂಡ ಅಲ್ಲೇ ಹೀಗಾದರೆ ನಮ್ಮಲ್ಲಿ ಕೇಳಬೇಕೆ? ವೈದ್ಯರ ಬಳಿ ಹೇಳಲಾಗದ್ದನ್ನು ನಮ್ಮವರು ಗುಪ್ತರೋಗ ತಜ್ಞರೆಂದು ಗೋಡೆಗಳಲ್ಲಿ ಬರೆಸಿಕೊಂಡವರ ಬಳಿ ಹೇಳುತ್ತಾರೆ. ಅಂಥವರು ಗಿಡಮೂಲಿಕೆಯೆಂದು ಕೊಡುವ ಪುಡಿಯಲ್ಲಿ ಸಿಲ್ಡೆನಾಫಿಲ್‌ನಂಥ ರಾಸಾಯನಿಕ ಬೆರೆತಿದ್ದರೆ, ಹೃದಯಕ್ಕೆಂದು ನೈಟ್ರೇಟ್ ಮಾತ್ರೆ ತಿನ್ನುವವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ನಿಮಿರುವಿಕೆಯ ತೊಂದರೆ ಎಷ್ಟೋ ಬಾರಿ ಸಕ್ಕರೆ ಕಾಯಿಲೆಯ ಅಥವಾ ಹೃದ್ರೋಗದ ಮೊದಲ ಸೂಚನೆಯಾಗಿರುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ ಒಂದು ದಿನವೂ ಕಾಯಬಾರದು. ಇಲ್ಲೆಲ್ಲ ಮೌನ ಲಜ್ಜೆಯಲ್ಲ, ಅಪಾಯ.

ನಮ್ಮ ಹಿರಿಯರಿಗೆ ಇನ್ನೂ ಒಂದು ನೋವಿದೆ. ಮೂತ್ರದ ಹನಿ ಜಿನುಗತೊಡಗಿದಾಗ ವುಝೂ ಉಳಿಯುವುದಿಲ್ಲ, ಬಟ್ಟೆ ಶುದ್ಧವಿರುವುದಿಲ್ಲ ಎಂಬ ಅಳುಕಿನಿಂದ ನಲವತ್ತು ವರ್ಷ ಜಮಾಅತ್ ತಪ್ಪಿಸದವರೂ ಮಸೀದಿಗೆ ಬರುವುದನ್ನು ನಿಲ್ಲಿಸುತ್ತಾರೆ. ಕೇಳಿದರೆ ಕಾಲುನೋವು ಎನ್ನುತ್ತಾರೆ. ಆದರೆ ನಮ್ಮ ಫಿಕ್‌ಹ್ ಗ್ರಂಥಗಳು ಇವರನ್ನು ಎಂದೋ ನೆನೆದಿವೆ. ನಿರಂತರವಾಗಿ ಮೂತ್ರ ಜಿನುಗುವವನನ್ನು ವಿನಾಯಿತಿಗೆ ಅರ್ಹನೆಂದು ಪರಿಗಣಿಸಲಾಗಿದೆ. ಆತ ಶುಚಿಗೊಳಿಸಿ, ಬಟ್ಟೆ ಕಟ್ಟಿಕೊಂಡು, ಸಮಯವಾದ ಬಳಿಕ ವುಝೂ ಮಾಡಿ ನಮಾಝ್ ನಿರ್ವಹಿಸಬಹುದು. ನಡುವೆ ಹನಿ ಬಿದ್ದರೂ ನಮಾಝ್ ಕೆಡದು. ಕರಾವಳಿಯ ಬ್ಯಾರಿ, ನವಾಯತರು ಅನುಸರಿಸುವ ಶಾಫಿಈ ಪಂಥದಲ್ಲಿ ಪ್ರತಿ ಕಡ್ಡಾಯ ನಮಾಝ್‌ಗೂ, ಘಟ್ಟದ ಮೇಲಿನ ಹೆಚ್ಚಿನವರು ಅನುಸರಿಸುವ ಹನಫೀ ಪಂಥದಲ್ಲಿ ಪ್ರತಿ ನಮಾಝ್‌ನ ಸಮಯಕ್ಕೂ ಹೊಸ ವುಝೂ ಬೇಕು. ವ್ಯತ್ಯಾಸ ಇಷ್ಟೇ. ನಮ್ಮ ಖತೀಬರು ವರ್ಷಕ್ಕೊಂದು ಜುಮಾದಲ್ಲಿ ಇದನ್ನು ಸರಳವಾಗಿ ವಿವರಿಸಿದರೆ, ಶೌಚಾಲಯಗಳನ್ನು ಮುದುಕರಿಗೆ ಅನುಕೂಲವಾಗುವಂತೆ ಕಟ್ಟಿದರೆ ಎಷ್ಟೋ ಮಂದಿ ಸಾಲಿಗೆ ಮರಳುತ್ತಾರೆ.

ಪ್ರಾಸ್ಟೇಟಿನ ಚಿಂತೆಯನ್ನು ವೈದ್ಯರಿಗೆ ಬಿಡೋಣ, ಅವರ ಮುಂದೆ ಮಾತ್ರ ಏನನ್ನೂ ಮುಚ್ಚಿಡದಿರೋಣ. ಮುಪ್ಪಿನ ದಾಂಪತ್ಯಕ್ಕೆ ಆ ಗ್ರಂಥಿಯ ಸಾಕ್ಷ್ಯ ಬೇಕಾಗಿಲ್ಲ. ದಂಪತಿಯ ನಡುವೆ ಅಲ್ಲಾಹನು ಇರಿಸಿದ ಪ್ರೀತಿಗೂ ಕರುಣೆಗೂ ಕುರ್‌ಆನ್ ವಯಸ್ಸಿನ ಗಡಿ ಹಾಕಿಲ್ಲ. ಅದು ಮೈಯ ಮಿಲನವಾಗಿ ಉಳಿದಿರಬಹುದು, ಅಥವಾ ರಾತ್ರಿ ನಾಲ್ಕನೇ ಬಾರಿ ಎದ್ದ ಗಂಡನಿಗೆ ದೀಪ ಹಾಕಿ ಕಾದು ಕುಳಿತುಕೊಳ್ಳುವ ಕೈಯಾಗಿ ಉಳಿದಿರಬಹುದು. ಅದು ಯಾವುದೆಂದು ತೀರ್ಮಾನಿಸಬೇಕಾದವರು ಅವರಿಬ್ಬರೇ. ಅವರಿಗೊಂದು ಕೋಣೆ ಬಿಟ್ಟುಕೊಡುವುದು, ನಗದಿರುವುದು, ಕೇಳಿದಾಗ ಸರಿಯಾದ ಉತ್ತರ ಸಿಗುವಂತೆ ಮಾಡುವುದು ಉಳಿದವರ ಹೊಣೆ.